ತೊಟ್ಟಿಲು, ಧರ್ಮ ಮತ್ತು ದೇಶ: ಜನನ ಪ್ರಮಾಣವನ್ನು ನಿರ್ಧರಿಸುವುದು ಯಾವುದು?

ಮಕ್ಕಳ ಸಂಖ್ಯೆಯ ವಿಷಯ ಬಂದಾಗ ನಮ್ಮ ಕರಾವಳಿಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, ‘ಆ ಧರ್ಮದವರಿಗೆ ಮಕ್ಕಳು ಜಾಸ್ತಿ, ಇನ್ನು ಕೆಲವೇ ವರ್ಷಗಳಲ್ಲಿ ಅವರೇ ಬಹುಸಂಖ್ಯಾತರು’ ಎಂಬುದು. ಇನ್ನೊಂದು, ನಮ್ಮವರೇ ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತು ಆಡುವ ಮಾತು: ‘ಹಿಂದೆ ಮನೆಗೆ ಎಂಟು ಹತ್ತು ಮಕ್ಕಳಿದ್ದರು, ಈಗ ಒಂದು ಇಲ್ಲವೇ ಎರಡು. ಭಕ್ತಿ ಕಡಿಮೆಯಾಯಿತು, ಅದಕ್ಕೇ ಹೀಗೆ.’ ಎರಡೂ ಮಾತುಗಳ ಹಿಂದಿರುವ ನಂಬಿಕೆ ಒಂದೇ. ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಬೇಕೆಂಬುದನ್ನು ಧರ್ಮವೇ ನಿರ್ಧರಿಸುತ್ತದೆ ಎಂಬ ನಂಬಿಕೆ.

ಮೊದಲನೆಯ ಮಾತು ಚುನಾವಣೆಯ ಕಾಲದಲ್ಲಿ ನೆರೆಹೊರೆಯವರ ನಡುವೆ ಸಂಶಯ ಬಿತ್ತುತ್ತದೆ. ಎರಡನೆಯದು ಯುವ ದಂಪತಿಗಳಲ್ಲಿ ವೃಥಾ ಅಪರಾಧ ಭಾವನೆ ತುಂಬುತ್ತದೆ. ಮಕ್ಕಳಾಗದೆ ಕೊರಗುವವರನ್ನಂತೂ ಇನ್ನಷ್ಟು ನೋಯಿಸುತ್ತದೆ. ವಿವಾಹ ಸಿದ್ಧತಾ ಶಿಬಿರ ನಡೆಸುವವರು, ಕ್ರೈಸ್ತ ಶಿಕ್ಷಣ ಕಲಿಸುವವರು, ಕುಟುಂಬಗಳ ನಡುವೆ ದುಡಿಯುವ ಧರ್ಮಭಗಿನಿಯರು ಈ ಎರಡೂ ಮಾತುಗಳನ್ನು ಎದುರಿಸಬೇಕಾಗುತ್ತದೆ. ಅವರ ಉಪಯೋಗಕ್ಕೆಂದು ಬೇರೆ ಬೇರೆ ದೇಶಗಳ ಅನುಭವವನ್ನು, ಅನಂತರ ನಮ್ಮ ದೇಶದ ಅಂಕಿ ಅಂಶಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲು ಲೆಕ್ಕದ ವಿಷಯ

ಜನನ ಪ್ರಮಾಣ ಎಂದರೆ ಒಂದು ವರ್ಷದಲ್ಲಿ ಪ್ರತಿ 1,000 ಜನಸಂಖ್ಯೆಗೆ ಹುಟ್ಟುವ ಮಕ್ಕಳ ಸಂಖ್ಯೆ. ಸುಲಭದ ಲೆಕ್ಕವಾದರೂ ಇದು ದಾರಿ ತಪ್ಪಿಸುವುದುಂಟು. ಯುವಜನರು ಹೆಚ್ಚಿರುವ ಸಮುದಾಯದಲ್ಲಿ ಪ್ರತಿ ಮನೆಯಲ್ಲಿ ಇಬ್ಬರೇ ಮಕ್ಕಳಿದ್ದರೂ ಪ್ರಮಾಣ ದೊಡ್ಡದಾಗಿ ಕಾಣುತ್ತದೆ. ವೃದ್ಧರೇ ತುಂಬಿರುವಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ತಜ್ಞರು ಹೆಚ್ಚಾಗಿ ನೋಡುವುದು ಫಲವಂತಿಕೆ ದರವನ್ನು. ಈಗಿನ ಸ್ಥಿತಿಯೇ ಮುಂದುವರಿದರೆ ಒಬ್ಬ ಮಹಿಳೆ ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದು ಈ ದರ. ಅದು 2.1ರ ಆಸುಪಾಸಿನಲ್ಲಿದ್ದರೆ ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ತಲೆಮಾರು ಸರಿಯಾಗಿ ಬಂದು ನಿಲ್ಲುತ್ತದೆ.

ದರ 2.1ಕ್ಕಿಂತ ಕೆಳಗಿಳಿದ ಕೂಡಲೇ ಜನಸಂಖ್ಯೆ ಇಳಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹಿಂದೆ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದವರು ಈಗ ತಂದೆತಾಯಿಗಳಾಗುವ ವಯಸ್ಸಿನಲ್ಲಿರುತ್ತಾರೆ. ಅವರು ತಲಾ ಇಬ್ಬರನ್ನೇ ಪಡೆದರೂ ಒಟ್ಟು ಸಂಖ್ಯೆ ಕೆಲವು ದಶಕ ಏರುತ್ತಲೇ ಹೋಗುತ್ತದೆ. ಭಾರತ ಈಗ ಇರುವುದು ಇದೇ ಘಟ್ಟದಲ್ಲಿ. ‘ಜನಸಂಖ್ಯೆ ಏರುತ್ತಿದೆ, ಆದ್ದರಿಂದ ಯಾರೋ ಬಹಳ ಮಕ್ಕಳನ್ನು ಹೆರುತ್ತಿದ್ದಾರೆ’ ಎಂಬ ತರ್ಕ ಇಲ್ಲಿಯೇ ಬಿದ್ದುಹೋಗುತ್ತದೆ.

ಒಂದೇ ಧರ್ಮ, ಬೇರೆ ಬೇರೆ ತೊಟ್ಟಿಲು

ವ್ಯಾಟಿಕನ್ ಇರುವುದು ರೋಮ್ ನಗರದ ಮಧ್ಯದಲ್ಲಿ. ಆ ನಗರದ ಸುತ್ತಲಿನ ಇಟಲಿ ದೇಶದಲ್ಲಿ 1964ರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. 2024ರಲ್ಲಿ ಹುಟ್ಟಿದವರು ಸುಮಾರು 3.7 ಲಕ್ಷ, ಫಲವಂತಿಕೆ ದರ 1.18. ಸ್ಪೇನ್ ಕೂಡ ಅದೇ ಹಾದಿಯಲ್ಲಿದೆ. ಚರ್ಚುಗಳು ಈಗಲೂ ತುಂಬುವ ಪೋಲೆಂಡಿನಲ್ಲಿ 2024ರ ದರ 1.1ರ ಆಸುಪಾಸು. ಇತ್ತ ಕಥೋಲಿಕರು ದೊಡ್ಡ ಸಂಖ್ಯೆಯಲ್ಲಿರುವ ಆಫ್ರಿಕದ ಪ್ರಜಾಸತ್ತಾತ್ಮಕ ಕಾಂಗೋದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರು ಮಕ್ಕಳು. ಅದೇ ವಿಶ್ವಾಸ ಪ್ರಮಾಣ, ಅದೇ ಬಲಿಪೂಜೆ, ಅದೇ ಪೋಪ್!

ಫಿಲಿಪ್ಪೀನ್ಸ್‌ನ ಕಥೆಯೂ ಗಮನಾರ್ಹ. 1970ರ ದಶಕದ ಆರಂಭದಲ್ಲಿ ಅಲ್ಲಿಯ ದರ ಆರರಷ್ಟಿತ್ತು. 2012ರಲ್ಲಿ ಸಂತಾನ ನಿಯಂತ್ರಣದ ಸೌಲಭ್ಯಗಳನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಒದಗಿಸುವ ಕಾನೂನು ಬಂದಾಗ ಅಲ್ಲಿನ ಧರ್ಮಾಧ್ಯಕ್ಷರು ಬಲವಾಗಿ ವಿರೋಧಿಸಿದರು. 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದರ 1.9. ಜನರು ಚರ್ಚಿಗೆ ಬರುವುದನ್ನು ಬಿಡಲಿಲ್ಲ. ನಗರ ಸೇರಿದರು, ಹೆಣ್ಣುಮಕ್ಕಳು ಓದಿದರು, ತಾಯಂದಿರು ವಿದೇಶಕ್ಕೆ ದುಡಿಯಲು ಹೋದರು.

ಇಸ್ಲಾಮಿನ ಕತೆ ಬೇರೆಯಲ್ಲ. ನೈಜರ್ ದೇಶದಲ್ಲಿ ದರ ಆರಕ್ಕೂ ಹೆಚ್ಚು. ಇರಾನಿನಲ್ಲಿ ಎರಡಕ್ಕಿಂತ ಕಡಿಮೆ. ಬಾಂಗ್ಲಾದೇಶದಲ್ಲಿ 1970ರ ದಶಕದಲ್ಲಿ ಆರಕ್ಕಿಂತ ಹೆಚ್ಚಿದ್ದ ದರ 2014ರ ಹೊತ್ತಿಗೆ 2.3ಕ್ಕೆ ಇಳಿಯಿತು. ಈ ಇಳಿಕೆಯ ಅವಧಿಯಲ್ಲಿ ಯಾವ ದೇಶವೂ ಧರ್ಮ ಬದಲಿಸಿಲ್ಲ.

ಕ್ವಿಬೆಕ್ ಮತ್ತು ಐರ್ಲೆಂಡ್

ನಮಗೆ ಹೆಚ್ಚು ಪಾಠ ಕಲಿಸುವ ದೇಶ ಯಾವುದೆಂದು ಕೇಳಿದರೆ ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ತೋರಿಸುತ್ತೇವೆ. ಇಂಗ್ಲಿಷ್ ಭಾಷಿಕ ಪ್ರೊಟೆಸ್ಟಂಟರ ನಡುವೆ ಫ್ರೆಂಚ್ ಭಾಷಿಕ ಕಥೋಲಿಕರ ನಾಡು ಅದು. ಯುದ್ಧದಲ್ಲಿ ಸೋತ ಜನಾಂಗ ಮಕ್ಕಳ ಸಂಖ್ಯೆಯಿಂದಲೇ ಗೆಲ್ಲಬೇಕು ಎಂಬ ಭಾವನೆ ಅಲ್ಲಿ ಬಲವಾಗಿತ್ತು. ಇದಕ್ಕೆ ‘ತೊಟ್ಟಿಲುಗಳ ಸೇಡು’ ಎಂಬ ಹೆಸರೇ ಇತ್ತು. ಶಾಲೆ, ಆಸ್ಪತ್ರೆ, ಬಡವರ ಪರಿಹಾರ ಎಲ್ಲವೂ ಚರ್ಚಿನ ಕೈಯಲ್ಲಿತ್ತು. 1950ರ ದಶಕದ ಕೊನೆಯವರೆಗೂ ಫಲವಂತಿಕೆ ದರ ನಾಲ್ಕರ ಸಮೀಪ ಇತ್ತು.

1960ರಲ್ಲಿ ಸರಕಾರ ಬದಲಾಯಿತು. 1964ರಲ್ಲಿ ಶಿಕ್ಷಣ ಸಚಿವಾಲಯ ಬಂತು. ಆಸ್ಪತ್ರೆಗಳನ್ನು ಸರಕಾರ ವಹಿಸಿಕೊಂಡಿತು. ಹೆಣ್ಣುಮಕ್ಕಳು ಕಾಲೇಜಿಗೂ ಕಚೇರಿಗೂ ಹೋಗತೊಡಗಿದರು. 1970ರ ಹೊತ್ತಿಗೆ ದರ 2.1ಕ್ಕಿಂತ ಕೆಳಗಿಳಿಯಿತು. 1987ರಲ್ಲಿ ಅದು 1.36. ಒಂದೇ ತಲೆಮಾರಿನ ಅವಧಿಯಲ್ಲಿ ಇಷ್ಟು! ಅದೇ ಅವಧಿಯಲ್ಲಿ ಬಲಿಪೂಜೆಗೆ ಬರುವವರ ಸಂಖ್ಯೆಯೂ ಕುಸಿಯಿತು. ಭಕ್ತಿ ಹೋದದ್ದರಿಂದ ಮಕ್ಕಳು ಕಡಿಮೆಯಾದರು ಎನ್ನುವವರು ಇದನ್ನೇ ಸಾಕ್ಷಿಯಾಗಿ ಕೊಡುತ್ತಾರೆ. ನಮಗೆ ತೋರುವುದು ಬೇರೆ. ಮಕ್ಕಳನ್ನು ಓದಿಸುವುದು, ರೋಗಿಗಳನ್ನು ನೋಡಿಕೊಳ್ಳುವುದು, ದಿಕ್ಕಿಲ್ಲದವರಿಗೆ ಆಸರೆಯಾಗುವುದು, ಇವೆಲ್ಲ ಚರ್ಚಿನ ಕೈಯಲ್ಲಿದ್ದಾಗ ದೊಡ್ಡ ಕುಟುಂಬದ ಬದುಕಿಗೆ ಒಂದು ಊರುಗೋಲು ಇತ್ತು. ಆ ಊರುಗೋಲು ಸರಿದು, ಮಹಿಳೆಗೆ ಬೇರೆ ದಾರಿ ತೆರೆದಾಗ, ಪ್ರವಚನ ಪೀಠದಿಂದ ಬಂದ ಮಾತು ಒಂಟಿಯಾಗಿ ಉಳಿಯಿತು.

ಆಮೇಲೆ ಕ್ವಿಬೆಕ್ ಸರಕಾರ ಹಣದ ದಾರಿ ಹಿಡಿಯಿತು. 1988ರಿಂದ 1997ರವರೆಗೆ ಹೊಸ ಮಗುವಿಗೆ ನಗದು ಕೊಡುಗೆ. ಮೂರನೆಯ ಮಗುವಿಗೆ ಒಂದು ಹಂತದಲ್ಲಿ 8,000 ಡಾಲರ್ ತನಕ. ಸ್ವಲ್ಪ ಏರಿಕೆ ಕಂಡಿತು, ನಿಲ್ಲಲಿಲ್ಲ. 1997ರಲ್ಲಿ ನಗದು ಬಿಟ್ಟು ದಿನಕ್ಕೆ 5 ಡಾಲರ್ ಶುಲ್ಕದ ಶಿಶುಪಾಲನಾ ಕೇಂದ್ರಗಳನ್ನು ತೆರೆದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ದರ 1.7ರ ಹತ್ತಿರ ಬಂತು. ತಾಯಂದಿರ ಉದ್ಯೋಗವೂ ಹೆಚ್ಚಿತು. ಆದರೆ ಅನಂತರ ಅದು ಮತ್ತೆ 1.4ಕ್ಕಿಂತ ಕೆಳಗೆ ಇಳಿದಿದೆ.

ಐರ್ಲೆಂಡಿನಲ್ಲಿ 1935ರಿಂದ ಗರ್ಭನಿರೋಧಕಗಳ ಮಾರಾಟಕ್ಕೂ ಆಮದಿಗೂ ನಿಷೇಧವಿತ್ತು. 1979ರ ಕಾನೂನು ವೈದ್ಯರ ಚೀಟಿಯ ಮೇಲೆ ಅವಕಾಶ ಕೊಟ್ಟಿತು. 1985ರಲ್ಲಿ ಇನ್ನೂ ಸಡಿಲವಾಯಿತು. ಕುತೂಹಲದ ಸಂಗತಿ ಏನೆಂದರೆ ಕಾನೂನು ಸಡಿಲಗೊಳ್ಳುವ ಮುಂಚೆಯೇ ದರ ಇಳಿಯತೊಡಗಿತ್ತು. 1960ರ ದಶಕದ ಮಧ್ಯದಲ್ಲಿ ನಾಲ್ಕರಷ್ಟಿದ್ದದ್ದು 1980ರಲ್ಲಿ 3.2. ಈ ನಡುವೆ 1967ರಲ್ಲಿ ಪ್ರೌಢಶಾಲೆ ಉಚಿತವಾಯಿತು. ಮದುವೆಯಾದ ಮಹಿಳೆ ಸರಕಾರಿ ಕೆಲಸ ಬಿಡಬೇಕೆಂಬ ನಿಯಮ 1973ರಲ್ಲಿ ಹೋಯಿತು. ಇನ್ನೂ ಹಿಂದೆ ಹೋದರೆ, 1930ರ ದಶಕದ ಐರ್ಲೆಂಡಿನಲ್ಲಿ ಮಧ್ಯವಯಸ್ಸು ತಲುಪಿದ ಮಹಿಳೆಯರಲ್ಲಿ ಸುಮಾರು ಕಾಲುಭಾಗ ಮದುವೆಯೇ ಆಗಿರಲಿಲ್ಲ. ತುಂಡು ಭೂಮಿಯನ್ನು ಒಬ್ಬ ಮಗನಿಗೆ ಬಿಡಬೇಕಾದ ರೈತ ಕುಟುಂಬದಲ್ಲಿ ಉಳಿದವರು ವಲಸೆ ಹೋಗಬೇಕು, ಇಲ್ಲವೇ ಒಂಟಿಯಾಗಿರಬೇಕು. ಮದುವೆಯಾದವರಿಗೆ ಮಾತ್ರ ತುಂಬಾ ಮಕ್ಕಳು. ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಆ ದೇಶದಲ್ಲಿ ಮದುವೆಯ ವಯಸ್ಸನ್ನು ಗೊತ್ತುಮಾಡುತ್ತಿದ್ದದ್ದು ಹೊಲದ ಹಿಸ್ಸೆ.

ಇರಾನಿನ ಧರ್ಮಗುರುಗಳು ಎರಡು ಬಾರಿ ಮಾತನಾಡಿದರು

ಧರ್ಮದ ಅಧಿಕಾರ ಮತ್ತು ಸರಕಾರದ ಅಧಿಕಾರ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ? 1979ರ ಕ್ರಾಂತಿಯ ನಂತರದ ಇರಾನ್ ಇದಕ್ಕೆ ಉತ್ತರ. 1980ರ ದಶಕದಲ್ಲಿ ಇರಾಕ್ ಜೊತೆ ಯುದ್ಧ ನಡೆಯುತ್ತಿದ್ದಾಗ ದೊಡ್ಡ ಕುಟುಂಬಕ್ಕೆ ಪ್ರೋತ್ಸಾಹವಿತ್ತು. ದರ ಆರಕ್ಕೂ ಮೇಲಿತ್ತು. ಯುದ್ಧ ಮುಗಿದಾಗ ಆಹಾರ, ಶಾಲೆ, ಕೆಲಸ ಯಾವುದೂ ಸಾಲದೆಂದು ಸ್ಪಷ್ಟವಾಯಿತು. 1989ರಲ್ಲಿ ಅದೇ ಧಾರ್ಮಿಕ ಸರಕಾರ ಕುಟುಂಬ ಯೋಜನೆಯನ್ನು ಮತ್ತೆ ಆರಂಭಿಸಿತು. ಅದು ಧರ್ಮಸಮ್ಮತವೆಂದು ಧರ್ಮಗುರುಗಳೇ ಹೇಳಿದರು. ಮದುವೆಗೆ ಮುನ್ನ ವಧೂವರರು ತರಗತಿಗೆ ಹಾಜರಾಗಬೇಕಾಯಿತು. 1993ರ ಕಾನೂನು ನಾಲ್ಕನೆಯ ಮಗುವಿನಿಂದ ಮುಂದಕ್ಕೆ ಸರಕಾರಿ ಸವಲತ್ತುಗಳನ್ನು ಕಡಿತಗೊಳಿಸಿತು. ಅದಕ್ಕಿಂತ ಮುಖ್ಯವಾಗಿ ಹಳ್ಳಿ ಹಳ್ಳಿಗೆ ಆರೋಗ್ಯ ಕೇಂದ್ರ ಬಂತು, ಹಳ್ಳಿಯ ಹೆಣ್ಣುಮಕ್ಕಳು ಶಾಲೆ ಮುಗಿಸಿದರು, ಶಿಶುಮರಣ ಇಳಿಯಿತು. 2000ದ ಹೊತ್ತಿಗೆ ದರ ಎರಡರ ಆಸುಪಾಸಿಗೆ ಬಂದಿತ್ತು. ಇಷ್ಟು ವೇಗದ ಇಳಿಕೆಯನ್ನು ಜಗತ್ತು ಕಂಡದ್ದು ಅಪರೂಪ.

2012ರಲ್ಲಿ ಅಲ್ಲಿಯ ಪರಮೋಚ್ಚ ನಾಯಕರು ನೀತಿಯನ್ನು ತಿರುಗಿಸಿದರು. ಹೆಚ್ಚು ಮಕ್ಕಳು ಬೇಕೆಂಬ ಕರೆ ಬಂತು. 2021ರ ಕಾನೂನು ಸರಕಾರಿ ಕೇಂದ್ರಗಳಲ್ಲಿ ಗರ್ಭನಿರೋಧಕಗಳ ಉಚಿತ ವಿತರಣೆಯನ್ನು ನಿಲ್ಲಿಸಿ ದೊಡ್ಡ ಕುಟುಂಬಗಳಿಗೆ ಸಾಲ, ನಿವೇಶನ ಮುಂತಾದ ಆಸೆ ತೋರಿಸಿತು. ಜನನ ಏರಲಿಲ್ಲ. ಜನರ ಬದುಕು ಸಾಗುತ್ತಿದ್ದ ದಿಕ್ಕಿನಲ್ಲಿ ಹೇಳಿದ್ದು ಫಲಿಸಿತು, ಅದರ ವಿರುದ್ಧ ಹೇಳಿದ್ದು ಫಲಿಸಲಿಲ್ಲ.

ಹಾಗಾದರೆ ಧರ್ಮಕ್ಕೆ ಪಾತ್ರವೇ ಇಲ್ಲವೇ?

ಇದೆ. ಅಂಕಿ ಅಂಶಗಳನ್ನು ಇನ್ನೊಂದು ಅತಿಗೆ ಎಳೆಯುವುದೂ ತಪ್ಪು. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ವಾರ ವಾರ ಚರ್ಚಿಗೆ ಹೋಗುವವರಿಗೆ ಹೋಗದವರಿಗಿಂತ ಸರಾಸರಿ ಹೆಚ್ಚು ಮಕ್ಕಳಿದ್ದಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಇಸ್ರೇಲಿನಲ್ಲಿ ಧರ್ಮಾಚರಣೆಯಿಲ್ಲದ ಯೆಹೂದ್ಯ ಮಹಿಳೆಗೆ ಸುಮಾರು ಇಬ್ಬರು ಮಕ್ಕಳಾದರೆ ಕಟ್ಟುನಿಟ್ಟಿನ ಹರೇದಿ ಪಂಗಡದವರಿಗೆ ಆರಕ್ಕೂ ಹೆಚ್ಚು. ಜಾರ್ಜಿಯಾದಲ್ಲಿ ಆರ್ಥೊಡಾಕ್ಸ್ ಸಭೆಯ ಕುಲಪತಿ ಎರಡನೆಯ ಇಲಿಯಾ, ದಂಪತಿಗಳ ಮೂರನೆಯ ಮತ್ತು ನಂತರದ ಮಕ್ಕಳಿಗೆ ತಾವೇ ಜ್ಞಾನಸ್ನಾನದ ತಂದೆಯಾಗುವುದಾಗಿ 2007ರ ಕೊನೆಯಲ್ಲಿ ಘೋಷಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಅಲ್ಲಿ ಜನನ ಏರಿತು. ಅವರಿಗೆ ಸಾವಿರಾರು ಧರ್ಮಪುತ್ರ ಧರ್ಮಪುತ್ರಿಯರಾದರು! ಏರಿಕೆಯ ಎಷ್ಟು ಪಾಲು ಆ ಘೋಷಣೆಯಿಂದ ಬಂತು ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ.

ಇಂತಹ ಉದಾಹರಣೆಗಳಲ್ಲಿ ಸಾಮಾನ್ಯವಾದದ್ದನ್ನು ಹುಡುಕಿದರೆ ಧರ್ಮದ ಹೆಸರಿಗಿಂತ ಧರ್ಮವು ಕಟ್ಟಿಕೊಡುವ ಸಮುದಾಯ ಕಣ್ಣಿಗೆ ಬೀಳುತ್ತದೆ. ಬೇಗ ಮದುವೆ, ಮಗು ನೋಡಿಕೊಳ್ಳುವ ನೆಂಟರು, ಪಕ್ಕದ ಮನೆಯಲ್ಲಿಯೂ ನಾಲ್ಕು ಮಕ್ಕಳಿರುವ ಓಣಿ, ಸಹಾಯಕ್ಕೆ ಬರುವ ಸಭೆ. ಇವು ಇಲ್ಲದ ಕಡೆ ಧರ್ಮ ಎಷ್ಟೇ ಹಳೆಯದಾದರೂ ತೊಟ್ಟಿಲು ಖಾಲಿ. ನಮ್ಮ ದೇಶದ ಪಾರ್ಸಿಗಳನ್ನು ನೋಡಿ. ಮದುವೆಯನ್ನೂ ಸಂತಾನವನ್ನೂ ಪುಣ್ಯಕಾರ್ಯವೆಂದು ಎಣಿಸುವ ಧರ್ಮ ಅವರದು. ಆದರೂ 1941ರಲ್ಲಿ 1.14 ಲಕ್ಷವಿದ್ದವರು 2011ರ ಜನಗಣತಿಯಲ್ಲಿ 57,264. ವಿದ್ಯಾವಂತ, ನಗರವಾಸಿ ಸಮುದಾಯ. ತಡವಾದ ಮದುವೆ, ಮದುವೆಯೇ ಆಗದವರ ದೊಡ್ಡ ಸಂಖ್ಯೆ, ಹೊರಗೆ ಮದುವೆಯಾದ ಹೆಣ್ಣುಮಕ್ಕಳ ಮಕ್ಕಳನ್ನು ಲೆಕ್ಕಕ್ಕೆ ಸೇರಿಸದ ಕಟ್ಟಳೆ. ಅವರಿಗಾಗಿ ಕೇಂದ್ರ ಸರಕಾರವೇ 2013ರಲ್ಲಿ ‘ಜಿಯೋ ಪಾರ್ಸಿ’ ಯೋಜನೆ ತರಬೇಕಾಯಿತು.

ಕಥೋಲಿಕ ಧರ್ಮಸಭೆಯ ಬೋಧನೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ಇಲ್ಲಿ ನಮ್ಮವರಲ್ಲೇ ಗೊಂದಲವಿದೆ. ಧರ್ಮಸಭೆ ಯಾವ ದಂಪತಿಗೂ ಇಷ್ಟೇ ಮಕ್ಕಳಿರಲಿ ಎಂದು ಸಂಖ್ಯೆ ಹೇಳಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಈ ತೀರ್ಮಾನ ದೇವರ ಸಮ್ಮುಖದಲ್ಲಿ ದಂಪತಿಗಳದ್ದು ಎಂದು ಬೋಧಿಸಿತು. ತಮ್ಮ ಆರೋಗ್ಯ, ಹುಟ್ಟಿದ ಮಕ್ಕಳ ಹಿತ, ಮನೆಯ ಪರಿಸ್ಥಿತಿ ಎಲ್ಲವನ್ನೂ ತೂಗಿ ನೋಡಲು ಹೇಳಿತು. 1968ರ ಜುಲೈ 25ರಂದು ಪೋಪ್ ಆರನೆಯ ಪೌಲರು ಹೊರಡಿಸಿದ ‘ಹುಮಾನೆ ವೀಟೆ’ ಕೃತಕ ವಿಧಾನಗಳನ್ನು ನಿರಾಕರಿಸಿತು, ಆದರೆ ಜವಾಬ್ದಾರಿಯುತ ಪಾಲಕತ್ವವನ್ನು ಎತ್ತಿಹಿಡಿಯಿತು. ತಕ್ಕ ಕಾರಣಗಳಿದ್ದರೆ ಪ್ರಕೃತಿ ಸಹಜ ವಿಧಾನಗಳಿಂದ ಮಕ್ಕಳ ನಡುವೆ ಅಂತರವಿಡಲು ಸಮ್ಮತಿಸಿತು. ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಮನಿಲಾದಿಂದ ಹಿಂದಿರುಗುವಾಗ, ಒಳ್ಳೆಯ ಕಥೋಲಿಕರೆಂದರೆ ಮೊಲಗಳಂತೆ ಮರಿ ಹಾಕಬೇಕೆಂದು ಅರ್ಥವಲ್ಲ ಎಂದದ್ದು ಪತ್ರಿಕೆಗಳಲ್ಲಿ ಬಂತು. ಅವರೇ ಇಟಲಿಯ ಜನನ ಕುಸಿತದ ಬಗ್ಗೆ ನಡೆದ ಸಮಾವೇಶಗಳಿಗೆ ಹೋಗಿ ಯುವಜನರ ಅಸ್ಥಿರ ಉದ್ಯೋಗ, ದುಬಾರಿ ಮನೆಬಾಡಿಗೆ, ಗರ್ಭಿಣಿಯೆಂದು ಕೆಲಸ ಕಳೆದುಕೊಳ್ಳುವ ಭಯ ಇವುಗಳ ಬಗ್ಗೆ ಮಾತನಾಡಿದರು. ಎರಡನೆಯ ಮಾತಿಗೆ ಮೊದಲನೆಯದರಷ್ಟು ಪ್ರಚಾರ ಸಿಗಲಿಲ್ಲ.

ಭಾರತದ ಅಂಕಿ ಅಂಶಗಳು

ಈಗ ನಮ್ಮ ಅಂಗಳದ ಮೊದಲ ಮಾತಿಗೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಮೊದಲ ಬಾರಿ ನಡೆದಾಗ ಹಿಂದೂಗಳ ಫಲವಂತಿಕೆ ದರ 3.3, ಮುಸ್ಲಿಮರದ್ದು 4.4, ಕ್ರೈಸ್ತರದ್ದು 2.9. 2019-21ರ ಐದನೆಯ ಸಮೀಕ್ಷೆಯಲ್ಲಿ ಹಿಂದೂಗಳು 1.9, ಮುಸ್ಲಿಮರು 2.4, ಕ್ರೈಸ್ತರು 1.9, ಸಿಖ್ಖರೂ ಜೈನರೂ 1.6. ಎಲ್ಲರದೂ ಇಳಿದಿದೆ, ಹೆಚ್ಚು ಇಳಿದದ್ದು ಮುಸ್ಲಿಮರದ್ದು. ಹಿಂದೂ ಮುಸ್ಲಿಮರ ನಡುವೆ ಒಂದು ಮಗುವಿಗೂ ಮಿಕ್ಕಿದ್ದ ಅಂತರ ಅರ್ಧ ಮಗುವಿಗಿಂತ ಕಡಿಮೆಯಾಗಿದೆ. ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2023ರಲ್ಲಿ ಇಡೀ ದೇಶದ ದರ 1.9.

ರಾಜ್ಯವಾರು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಐದನೆಯ ಸಮೀಕ್ಷೆಯಲ್ಲಿ ಬಿಹಾರ 3.0, ಕೇರಳ 1.8, ಕರ್ನಾಟಕ 1.7, ಗೋವಾ 1.3. ಮುಸ್ಲಿಮರೇ ಹೆಚ್ಚಿರುವ ಜಮ್ಮು ಕಾಶ್ಮೀರ 1.4. ನಮ್ಮ ಕಡಲಿನಾಚೆ ಇರುವ, ಬಹುತೇಕ ಎಲ್ಲರೂ ಮುಸ್ಲಿಮರೇ ಆಗಿರುವ ಲಕ್ಷದ್ವೀಪವೂ 1.4. ಕೇರಳದ ಮುಸ್ಲಿಂ ತಾಯಿಗೆ ಬಿಹಾರದ ಹಿಂದೂ ತಾಯಿಗಿಂತ ಸರಾಸರಿ ಕಡಿಮೆ ಮಕ್ಕಳು. ಕ್ರೈಸ್ತರೇ ಬಹುಸಂಖ್ಯಾತರಾದ ಈಶಾನ್ಯದ ಮೂರು ರಾಜ್ಯಗಳನ್ನು ಪಕ್ಕಪಕ್ಕದಲ್ಲಿಡಿ: ಮೇಘಾಲಯ 2.9, ಮಿಜೋರಾಂ 1.9, ನಾಗಾಲ್ಯಾಂಡ್ 1.7. ಶಿಲುಬೆ ಮೂರು ಕಡೆಯೂ ಒಂದೇ.

ಅದೇ ಸಮೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಮಹಿಳೆಗೆ ಸರಾಸರಿ 2.8 ಮಕ್ಕಳು, ಹನ್ನೆರಡನೇ ತರಗತಿ ಮತ್ತು ಅದಕ್ಕಿಂತ ಹೆಚ್ಚು ಓದಿದವಳಿಗೆ 1.8. ಈ ಒಂದು ಅಂತರ ಧರ್ಮ ಧರ್ಮಗಳ ನಡುವಿನ ಅಂತರಕ್ಕಿಂತ ದೊಡ್ಡದು. ಇದರ ಜೊತೆ ಶಿಶುಮರಣವನ್ನು ಇಟ್ಟು ನೋಡಬೇಕು. 1971ರಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದರು. 2023ರಲ್ಲಿ ಆ ಸಂಖ್ಯೆ 25. ನಮ್ಮ ಅಜ್ಜಿಯಂದಿರು ಹತ್ತು ಹೆತ್ತು ಆರನ್ನು ಉಳಿಸಿಕೊಂಡವರು. ಹುಟ್ಟಿದ ಮಗು ಬದುಕಿ ಉಳಿಯುತ್ತದೆಂಬ ಭರವಸೆ ಬಂದ ಮೇಲೆ ಹೆರಿಗೆಗಳ ಸಂಖ್ಯೆ ತಾನಾಗಿ ಇಳಿಯಿತು.

ಒತ್ತಾಯದಿಂದ ಇಳಿಸಲು ಹೋದದ್ದೂ ಉಂಟು. 1976-77ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಬಹುಪಾಲು ಬಡವರ ಮೇಲೆ. ಕೇರಳದಲ್ಲಿ ಅಂತಹ ಬಲವಂತವಿಲ್ಲದೆಯೇ ದರ ಇಳಿಯಿತು. ಒತ್ತಾಯದಿಂದ ಏರಿಸಲು ಹೋದ ರುಮೇನಿಯಾದ ನಾಸ್ತಿಕ ಸರಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿದಾಗ ಒಂದು ವರ್ಷ ದರ ಇಮ್ಮಡಿಯಾಗಿ ಮತ್ತೆ ಜಾರಿತು. ತಾಯಂದಿರ ಮರಣ ಯುರೋಪಿನಲ್ಲೇ ಅತಿ ಹೆಚ್ಚಿನ ಮಟ್ಟಕ್ಕೆ ಹೋಯಿತು.

ನಮ್ಮ ಕರಾವಳಿಯಲ್ಲಿ

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ಇತಿಹಾಸವಿದೆ. ಸರಕಾರವೇ ನಡೆಸುವ ಸಂತಾನ ನಿಯಂತ್ರಣ ಚಿಕಿತ್ಸಾಲಯವನ್ನು ಜಗತ್ತಿನಲ್ಲಿ ಮೊದಲು ತೆರೆದ ಕೀರ್ತಿ 1930ರಲ್ಲಿ ಮೈಸೂರು ಸಂಸ್ಥಾನಕ್ಕೆ ಸಂದಿತು. ಅದಕ್ಕಿಂತ ನಮ್ಮವರಿಗೆ ಹೆಚ್ಚು ಸ್ವಾರಸ್ಯದ ಸಂಗತಿ ಇನ್ನೊಂದಿದೆ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕೃತಿ ಸಹಜ ವಿಧಾನದ ಪ್ರಯೋಗಕ್ಕೆ ಆರಿಸಿದ ಎರಡು ಸ್ಥಳಗಳಲ್ಲಿ ಒಂದು ನಮ್ಮ ರಾಮನಗರ; ಇನ್ನೊಂದು ದೆಹಲಿಯ ಲೋಧಿ ಕಾಲೋನಿ. ದಿನಗಳನ್ನು ಎಣಿಸಲು ಮಹಿಳೆಯರಿಗೆ ಬಣ್ಣ ಬಣ್ಣದ ಮಣಿಗಳ ಸರ ಕೊಟ್ಟಿದ್ದರು. ಫಲ ಕಡಿಮೆ. ವಿಧಾನವನ್ನು ಗಂಡ ಹೆಂಡತಿ ಇಬ್ಬರೂ ಕುಳಿತು ಕಲಿಯಬೇಕೇ ಹೊರತು ಸರ ಕೊಟ್ಟು ಕಳುಹಿಸಿದರೆ ಆಗದು. ಇಂದಿಗೂ ನಮ್ಮ ಶಿಬಿರಗಳಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಟ್ಟು ಮುಗಿಸುವವರು ಇದನ್ನು ಗಮನಿಸಬಹುದು.

ಕರಾವಳಿಯಲ್ಲಿ ಜನನ ರಾಜ್ಯದ ಇತರ ಭಾಗಗಳಿಗಿಂತ ಮೊದಲೇ ಇಳಿಯಿತು, ಮತ್ತು ಅದು ಕ್ರೈಸ್ತರಲ್ಲಿ ಮಾತ್ರವಲ್ಲ. ಹೆಣ್ಣಿಗೆ ಆಸ್ತಿಯಲ್ಲಿಯೂ ಮನೆಯಲ್ಲಿಯೂ ಸ್ಥಾನ ಕೊಟ್ಟ ಅಳಿಯಸಂತಾನದ ಪದ್ಧತಿ, ಮನೆಯಲ್ಲೇ ಬೀಡಿ ಕಟ್ಟಿ ಹೆಂಗಸರ ಕೈಗೆ ಬಂದ ನಾಲ್ಕು ಕಾಸು, ಮುಂಬಯಿಗೂ ಗಲ್ಫಿಗೂ ಹೋದ ಗಂಡಸರು, ತಡವಾಗಿ ಆಗುವ ಮದುವೆ ಎಲ್ಲವೂ ಇದರಲ್ಲಿ ಸೇರಿವೆ. ಧರ್ಮಸಭೆಯ ಪಾಲೂ ಇದೆ. ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಹೆಣ್ಣುಮಕ್ಕಳಿಗಾಗಿ ಅವರ ಸೇಂಟ್ ಆಗ್ನೆಸ್ ಕಾಲೇಜು ಆರಂಭವಾದದ್ದು 1921ರಲ್ಲಿ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧ ಕೊಡಲು ಕುಳಿತರು. ಜನನವನ್ನು ಇಳಿಸುವ ಉದ್ದೇಶ ಇವರಲ್ಲಿ ಯಾರಿಗೂ ಇರಲಿಲ್ಲ. ಆದರೆ ಹುಡುಗಿಯೊಬ್ಬಳು ಹದಿನಾರಕ್ಕೆ ಮದುವೆಯಾಗುವ ಬದಲು ಇಪ್ಪತ್ತೆರಡರವರೆಗೆ ಓದಿದರೆ, ಹುಟ್ಟಿದ ಮಗು ಜ್ವರದಿಂದ ಬದುಕಿ ಉಳಿದರೆ, ಕುಟುಂಬ ಚಿಕ್ಕದಾಗುವುದು ಸಹಜ. ಪ್ರವಚನ ಪೀಠದಿಂದ ದೊಡ್ಡ ಕುಟುಂಬವನ್ನು ಹೊಗಳುತ್ತಿದ್ದ ಧರ್ಮಸಭೆಯೇ ತನ್ನ ಶಾಲೆ ಆಸ್ಪತ್ರೆಗಳ ಮೂಲಕ ಚಿಕ್ಕ ಕುಟುಂಬಕ್ಕೆ ದಾರಿ ಮಾಡಿತು. ಅದಕ್ಕಾಗಿ ಯಾರೂ ತಲೆತಗ್ಗಿಸಬೇಕಾಗಿಲ್ಲ.

ಈಗಿನ ಚಿಂತೆ ಮತ್ತೊಂದು. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ, 2000ದ ನಂತರ ಮದುವೆಯಾಗಿ ಐದು ಅಥವಾ ಹೆಚ್ಚು ಮಕ್ಕಳಿರುವ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ನೆರವು ಘೋಷಿಸಿತು. ಆಂಧ್ರಪ್ರದೇಶ, ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು 2024ರಲ್ಲಿ ತೆಗೆದುಹಾಕಿತು. ಪೋಲೆಂಡ್ 2016ರಿಂದ ಮಕ್ಕಳಿಗೆ ತಿಂಗಳಿಗೆ 500 ಜ್ಲೋಟಿ, 2024ರಿಂದ 800 ಜ್ಲೋಟಿ ಕೊಡುತ್ತಿದೆ. ಬಡತನ ತಗ್ಗಿತು, ಜನನ ಏರಲಿಲ್ಲ. ದಕ್ಷಿಣ ಕೊರಿಯಾ ಅಪಾರ ಹಣ ಸುರಿದರೂ 2023ರಲ್ಲಿ ದರ 0.72. ಅಲ್ಲಿ ಮಕ್ಕಳ ಟ್ಯೂಷನ್ ಖರ್ಚು, ಮನೆಯ ಬೆಲೆ, ತಡರಾತ್ರಿಯವರೆಗಿನ ಕೆಲಸ, ಎಲ್ಲ ಭಾರ ತಾಯಿಯ ಮೇಲೆ. ನೆರವಿನ ಹಣ ಕಷ್ಟದಲ್ಲಿರುವ ದೊಡ್ಡ ಕುಟುಂಬಕ್ಕೆ ಸಲ್ಲಬೇಕಾದದ್ದೇ; ಅದು ಐದನೆಯ ಮಗುವನ್ನು ತರುತ್ತದೆ ಎಂದು ನಾವು ನಂಬುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಯುವ ದಂಪತಿಗಳನ್ನು ಕೇಳಿದರೆ ಬರುವ ಉತ್ತರಗಳು ಸೋಲ್‌ನಲ್ಲಿ ಕೇಳುವಂಥವೇ. ಗಂಡ ದುಬಾಯಿಯಲ್ಲಿ, ಹೆಂಡತಿ ಇಲ್ಲಿ ಅತ್ತೆ ಮಾವನ ಜೊತೆ. ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಆಂಗ್ಲ ಮಾಧ್ಯಮ ಶಾಲೆಯ ಶುಲ್ಕ ಕಟ್ಟುವುದು ಹೇಗೆ? (ಆ ಶಾಲೆಗಳಲ್ಲಿ ಕೆಲವು ನಮ್ಮವೇ ಎಂಬುದನ್ನು ಮರೆಯಬಾರದು.) ಅಳುವ ಮಗುವನ್ನು ರಾತ್ರಿಯಿಡೀ ಎತ್ತಿಕೊಂಡು ಓಡಾಡದ ನಾವು ಗುರುಗಳು, ಇನ್ನೊಂದು ಮಗುವಾಗಲಿ ಎಂದು ಹೇಳುವಾಗ ದನಿ ಸ್ವಲ್ಪ ತಗ್ಗಿಸಿದರೆ ಒಳ್ಳೆಯದು. ವಾರದ ಆರು ದಿನ ಬಾಗಿಲು ಮುಚ್ಚಿರುವ ಚರ್ಚ್ ಸಭಾಂಗಣಗಳು ಎಷ್ಟಿವೆ! ಅವುಗಳಲ್ಲಿ ಒಂದೆರಡು ಕೋಣೆ ಶಿಶುಪಾಲನಾ ಕೇಂದ್ರಕ್ಕೆ ಸಿಕ್ಕರೆ ದುಡಿಯುವ ತಾಯಂದಿರಿಗೆ ಉಪಕಾರ. ಆ ತಾಯಂದಿರು ಯಾವ ಧರ್ಮದವರಾದರೂ ಸರಿ.

ಕೊನೆಗೆ, ವಾರ್ಷಿಕ ವರದಿ ಸಿದ್ಧಪಡಿಸುವ ಧರ್ಮಕೇಂದ್ರದ ಕಾರ್ಯದರ್ಶಿಗಳಿಗೆ ಒಂದು ಸೂಚನೆ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಸಂಖ್ಯೆ ಇಳಿದ ಮಾತ್ರಕ್ಕೆ ನಮ್ಮ ಕುಟುಂಬಗಳಲ್ಲಿ ಮಕ್ಕಳು ಅಷ್ಟೇ ಇಳಿದಿದ್ದಾರೆಂದು ಬರೆಯಬೇಡಿ. ಊರು ಬಿಟ್ಟವರ ಮಕ್ಕಳ ಹೆಸರು ಬೆಂಗಳೂರು, ಮಸ್ಕತ್, ಟೊರಾಂಟೊ ಚರ್ಚುಗಳ ಪುಸ್ತಕದಲ್ಲಿರುತ್ತದೆ. ಜ್ಞಾನಸ್ನಾನದ ಸಂಖ್ಯೆಯ ಪಕ್ಕದಲ್ಲಿ ಆ ವರ್ಷ ಧರ್ಮಕೇಂದ್ರದಲ್ಲಿ ವಾಸವಿದ್ದ ಇಪ್ಪತ್ತರಿಂದ ನಲವತ್ತರ ವಯಸ್ಸಿನ ದಂಪತಿಗಳ ಸಂಖ್ಯೆಯನ್ನೂ, ವಧೂವರರ ಮದುವೆಯ ವಯಸ್ಸನ್ನೂ ನಮೂದಿಸಿದರೆ ಹತ್ತು ವರ್ಷಗಳ ನಂತರ ನೋಡುವವರಿಗೆ ಅರ್ಥವಾಗುವ ಲೆಕ್ಕ ಸಿಗುತ್ತದೆ.